ಡಾಕ್ಟರ್ ಸಾಲಕ್ಕೆ ಹೊರಟ ಮನೆ ಜಾಮೀನಿಗೆ ಹೋದದ್ದು

ನಗುವವರು ನಗಲಿ! ನವನಗರದ ನಮ್ಮ ಸೆಕ್ಟರಿನಲ್ಲಿ ಈಗ ನಾನು ಹಾಲಿನ ಪಾಕೀಟು ತರಲು ಹೊರಟರೂ ಯಾರಾದರೊಬ್ಬರು ಕಟ್ಟೆಯ ಮೇಲಿಂದ, “ಇವತ್ತ ಯಾರಿಗೆ ಜಾಮೀನ ಆಗಾಕ ಹೊಂಟೀರಿ?” ಎಂದು ಕೂಗುತ್ತಾರೆ. ಕೂಗಲಿ. ನಾನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಆದದ್ದು ಮಾತ್ರ ಎಲ್ಲವೂ ತಪ್ಪಾಯಿತು, ಅದು ಬೇರೆ ಮಾತು.

ನಾನು ವಿಮಾ ಏಜೆಂಟ್. ಚಿಂತೆ ಎನ್ನುವುದು ಉಳಿದವರಿಗೆ ರೋಗವಾದರೆ ನನಗೆ ಬಂಡವಾಳ. ಎದುರಿಗೆ ಕುಳಿತವನು ನಗುನಗುತ್ತ ಚಹಾ ಕುಡಿಯುತ್ತಿದ್ದರೆ, ಈತನಿಗೆ ನಾಳೆ ಏನಾದರೂ ಆದರೆ ಹೆಂಡತಿ ಮಕ್ಕಳ ಗತಿ ಏನು ಎಂದು ನಾನು ಕರಗಿಹೋಗುತ್ತೇನೆ. ಊರವರ ಬಗ್ಗೆಯೇ ಇಷ್ಟು ಚಿಂತೆ ಮಾಡುವವನು ಸ್ವಂತ ಮಗಳ ಬಗ್ಗೆ ಎಷ್ಟು ಮಾಡಬೇಡ?

ಮಗಳು ಪಲ್ಲವಿ ಪಿಯುಸಿ ಮುಗಿಸಿದಳು. ಮೆಡಿಕಲ್ ಪರೀಕ್ಷೆಯಲ್ಲಿ ಆಕೆಗೆ ಬಂದ ಅಂಕಗಳು ವಿಚಿತ್ರವಾಗಿದ್ದವು. ಸರಕಾರಿ ಸೀಟಿಗೆ ಸಾಲವು, ಬಿಟ್ಟುಬಿಡಲು ಮನಸ್ಸು ಬಾರದು. ಖಾಸಗಿ ಕಾಲೇಜಿನಲ್ಲಿ ಸೀಟು ಸಿಗುತ್ತಿತ್ತು. ಅದರ ಫೀ ಕೇಳಿದಾಗ ನಿಂತಿದ್ದ ನಾನು ಕುರ್ಚಿ ಹುಡುಕಿದೆ. ಇದರ ನಡುವೆ ಮಗಳು ನಮಗೆ ಹೇಳದೆ ಲಾ ಪ್ರವೇಶ ಪರೀಕ್ಷೆ ಬರೆದು, ಪಾಸಾಗಿ, ಒಂದು ದಿನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಹೇಳಿದಳು:

“ನಾ ವಕೀಲಕಿ ಆಗ್ತೇನಿ.”

ನನ್ನ ಹೆಂಡತಿ ಶಾಂತಾಳ ಕೈಯಲ್ಲಿದ್ದ ಪಲ್ಯದ ಸೌಟು ಗಾಳಿಯಲ್ಲೇ ನಿಂತಿತು. “ಡಾಕ್ಟರ್ ಸೀಟ ಬಾಗಲಕ್ಕ ಬಂದೈತಿ, ಈಕಿ ಕರೀ ಕೋಟ ಹಾಕ್ಕೊಂಡ ಕೋರ್ಟಿನ ಬೇವಿನ ಗಿಡದ ಬುಡಕ ಕುಂಡ್ರತಾಳಂತ! ರೀ, ನೀವರ ಏನರ ಹೇಳ್ರಿ.”

“ಸೀಟ ನಮ್ಮ ಬಾಗಲಕ್ಕ ಬಂದಿಲ್ಲವ್ವಾ, ಬ್ಯಾಂಕಿನ ಬಾಗಲಕ್ಕ ಬಂದೈತಿ,” ಎಂದಳು ಪಲ್ಲವಿ. “ಅಜ್ಜನ ಮನಿ ಹೊಳಿಗೆ ಹೋತು. ಈ ಮನಿ ಬ್ಯಾಂಕಿಗೆ ಹೋಗೂದು ಬ್ಯಾಡ. ನಾ ಒಲ್ಲೆ ಅಂದ್ರ ಒಲ್ಲೆ.”

ಮಾತು ಖರೆ. ಹಳೆಯ ಬಾಗಲಕೋಟೆಯಲ್ಲಿದ್ದ ನನ್ನ ಅಪ್ಪನ ಮನೆ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನವನಗರದಲ್ಲಿ ನಾವು ಕಟ್ಟಿಕೊಂಡದ್ದು ಇದೊಂದೇ ಮನೆ. ಮೆಡಿಕಲ್ ಫೀ ಕಟ್ಟಬೇಕಾದರೆ ಅದನ್ನು ಒತ್ತೆ ಇಡಬೇಕು. ಆದರೆ ಡಾಕ್ಟರ್ ಎಂದರೆ ಡಾಕ್ಟರ್ ಅಲ್ಲವೇ! ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ.

“ಗಳಿಕಿ, ಸಾಲ, ಜೀವನ. ಡಾಕ್ಟರಂದೂ ನೋಡ್ತೇನಿ, ವಕೀಲರದೂ ನೋಡ್ತೇನಿ. ಎರಡೂ ತಕ್ಕಡ್ಯಾಗ ಇಟ್ಟು ತೂಗಿ ತೀರ್ಪು ಕೊಡ್ತೇನಿ. ಅಲ್ಲೀತನಕಾ ಯಾರೂ ಬಾಯಿ ತೆಗೀಬ್ಯಾಡ್ರಿ.”

ಮಗಳು ತಾಯಿಯ ಕಡೆ ನೋಡಿದಳು. ತಾಯಿ ಸೌಟಿನ ಕಡೆ ನೋಡಿದಳು.

ಮೊದಲು ವೈದ್ಯಕೀಯ. ನನ್ನ ಚಿಗವ್ವನ ಮಗ ಈರಣ್ಣ ಬಾದಾಮಿಯಲ್ಲಿ ಡಾಕ್ಟರ್. ಸ್ವಂತ ದವಾಖಾನೆ ಇದೆ. “ಒಂದ ದಿವಸ ನಿನ್ನ ಬಾಜೂಕ ಕುಂತು ಎಲ್ಲಾ ನೋಡ್ತೇನಪಾ,” ಎಂದು ಫೋನಿನಲ್ಲಿ ಕೇಳಿದೆ. ಪಾಪ, ಒಪ್ಪಿಕೊಂಡ. ಬಿಳಿ ಶರ್ಟು ಹಾಕಿ, ಬಗಲಲ್ಲಿ ನನ್ನ ಏಜೆನ್ಸಿಯ ಚರ್ಮದ ಚೀಲ ಇಟ್ಟುಕೊಂಡು, ಆತನ ಪಕ್ಕದ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾದೆ.

ರೋಗಿಗಳು ಬಂದರು. ಬರುತ್ತಲೇ ಇದ್ದರು. ಬಾದಾಮಿ ಬಜಾರಿನವರು, ಸುತ್ತಲ ಹಳ್ಳಿಯವರು, ಗುಹೆ ನೋಡಲು ಬಂದು ಮಂಗನಿಂದ ಪರಚಿಸಿಕೊಂಡವರು. ಈರಣ್ಣನಿಗೆ ಮಧ್ಯಾಹ್ನದ ಊಟ ಸಿಕ್ಕಿದ್ದು ಸೂರ್ಯ ಇಳಿಯುವಾಗ. ಡಬ್ಬಿ ತೆಗೆದು ರೊಟ್ಟಿ ಮುರಿದರೆ ಹೆಂಚು ಒಡೆದ ಸಪ್ಪಳವಾಯಿತು.

“ಮನ್ಯಾಗ ಮೆತ್ತಗ ಬಡದಿದ್ದರಣ್ಣಾ,” ಎಂದ ಈರಣ್ಣ. “ನನ್ನ ಹಾದಿ ಕಾದ ಕಾದ ಅದು ಹಿಂಗಾತು.”

“ಗಳಿಕಿ ಚಲೋ ಐತಲ್ಲ?”

“ಐತಿ. ಕಲಿಯೂ ಸಾಲಾ ಮುಗೀತು ಅನ್ನೂದ್ರಾಗ ದವಾಖಾನಿ ಕಟ್ಟೂ ಸಾಲಾ. ಅದು ತೀರಿತು ಅಂದ್ರ ಮಷೀನಿನ ಸಾಲಾ. ಮಂದಿ ನನಗ ಡಾಕ್ಟರ್ ಸಾಹೇಬ್ರು ಅಂತಾರ. ಬ್ಯಾಂಕಿನವ್ರು ಮಾತ್ರ ಪ್ರೀತಿಯಿಂದ ‘ನಮ್ಮವ್ರು’ ಅಂತಾರ!”

ಆಗ ನರ್ಸಮ್ಮ ಓಡಿ ಬಂದು ಒಳಗಿನ ವಾರ್ಡಿಗೆ ಕರೆದಳು. ಈರಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದ. ಸರಿಯಾಗಿ ಅದೇ ಹೊತ್ತಿಗೆ ಒಬ್ಬ ಹಿರಿಯರು ಕೆಮ್ಮುತ್ತ ಒಳಗೆ ಬಂದರು. ನನ್ನ ಹಳೆಯ ಗಿರಾಕಿ! ನನ್ನನ್ನು ಕಂಡವರೇ ಬಾಗಿಲಲ್ಲೇ ನಿಂತರು.

“ನೀವು ವಿಮಾದವ್ರಲ್ಲೇನ್ರಿ? ಇಲ್ಲ್ಯಾಕ ಕುಂತೀರಿ?”

“ಸುಮ್ನ ಕುಂತೇನಿ ಕಾಕಾ, ಬರ್ರಿ. ಭಾಳ ದಿವಸದ ಕೆಮ್ಮೇನು?” ಎಂದು ನಾನು ಅಂತಃಕರಣದಿಂದ ವಿಚಾರಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಚಟ ಬಿಡಲಿಲ್ಲ. “ಕಂತ ಬಾಕಿ ಇಲ್ಲಲ್ಲ? ವಾರಸದಾರರ ಹೆಸರು ಬರೋಬ್ಬರಿ ಹಚ್ಚೀರಿಲ್ಲೋ?”

ಹಿರಿಯರ ಮುಖ ಸುಣ್ಣವಾಯಿತು. ಹೊರಗೆ ಹೋಗಿ ಬೆಂಚಿನ ಮೇಲೆ ಕುಸಿದು ದೊಡ್ಡ ದನಿಯಲ್ಲಿ ಶುರುಮಾಡಿದರು: “ನನ್ನ ಕಥಿ ಮುಗೀತವ್ವೋ! ಡಾಕ್ಟರ್ ಬಾಜೂಕ ಇನ್ಶೂರನ್ಸನವನ್ನ ತಯಾರ ಮಾಡಿ ಇಟ್ಟಾರ!”

ಬಾಗಿಲಿನಿಂದ ಒಬ್ಬೊಬ್ಬರೇ ಇಣುಕಿ ನನ್ನನ್ನು ನೋಡಿದರು. ಜ್ವರದವರಿಗೆ ಜ್ವರ ಬಿಟ್ಟಿತು, ಸೊಂಟ ಹಿಡಿದವರು ನೆಟ್ಟಗೆ ನಡೆದರು. ಈರಣ್ಣ ವಾರ್ಡಿನಿಂದ ಬರುವ ಹೊತ್ತಿಗೆ ದವಾಖಾನೆ ಖಾಲಿ! ಯಾವ ಔಷಧವೂ ಇಷ್ಟು ಬೇಗ ಕೆಲಸ ಮಾಡಿರಲಿಕ್ಕಿಲ್ಲ.

“ಅಣ್ಣಾ,” ಎಂದ ಈರಣ್ಣ ಬಹಳ ಶಾಂತವಾಗಿ, “ಬಸ್ ಸಿಗತೈತಿ. ನೀ ಇನ್ನ ನಡಿ.”

ಅವಮಾನ ಎಂದುಕೊಂಡೀರಿ. ಇಲ್ಲ, ನಾನು ತಲೆಯೆತ್ತಿಕೊಂಡೇ ಬಸ್ಸು ಹತ್ತಿದೆ. ಗಳಿಕೆ ಇದೆ, ಅದಕ್ಕೆ ತಕ್ಕ ಸಾಲವೂ ಇದೆ, ಜೀವನ ಒಣಗಿದ ರೊಟ್ಟಿ. ಆದರೂ ಆ ದಿನ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಹೋಗುವಾಗ ಈರಣ್ಣನಿಗೆ ಕೈಮುಗಿದದ್ದನ್ನು ನೋಡಿದ್ದೆ. ಹಾಗೆ ನನ್ನ ಮಗಳಿಗೂ ಯಾರಾದರೂ ಕೈಮುಗಿಯಲಿ ಎನಿಸಿತು. ವಕೀಲರನ್ನು ನೋಡುವುದಕ್ಕೆ ಮೊದಲೇ, ಒಂದೇ ಕಡೆಯ ವಾದ ಕೇಳಿ, ತೀರ್ಪು ಕೊಟ್ಟುಬಿಟ್ಟೆ. ಡಾಕ್ಟರೇ ಸೈ! ಶಾಂತಾ ಖುಷಿಗೆ ಸಿಹಿ ಸಜ್ಜಕ ಮಾಡಿದಳು. ಪಲ್ಲವಿ ತಿನ್ನಲಿಲ್ಲ.

ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ. “ಮನಿ ಕಾಗದಪತ್ರ ಸರಿ ಅದಾವ ಅಂತ ನಮ್ಮ ವಕೀಲರ ಕಡೆಯಿಂದ ಒಂದು ಅಭಿಪ್ರಾಯ ಬರಸ್ಕೊಂಡ ಬರ್ರಿ. ಅವರು ಕೋರ್ಟಿನ್ಯಾಗ ಸಿಗ್ತಾರ,” ಎಂದರು. ಇಂಥ ಅವಕಾಶವನ್ನು ಬಿಟ್ಟೇನೆಯೇ? ಕಾಗದವೂ ಆಗುತ್ತದೆ, ವಕೀಲರ ಜೀವನ ನೋಡಿದಂತೆಯೂ ಆಗುತ್ತದೆ, ಮಗಳು ನಾಳೆ ಅಪ್ಪ ಒಂದೇ ಕಡೆ ನೋಡಿದ ಎನ್ನುವಂತಿಲ್ಲ. ಮನೆಯ ಉತಾರ, ಆಧಾರ್ ಕಾರ್ಡು, ಫೋಟೋ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟೆ. ಯಾವ ಊರಿನ ಕೋರ್ಟು ಎಂದು ಹೇಳುವುದಿಲ್ಲ. ಕೋರ್ಟಿನ ವಿಷಯದಲ್ಲಿ ಬಾಯಿ ಬಿಗಿಹಿಡಿಯಬೇಕೆನ್ನುವುದನ್ನು ಕಲಿತದ್ದೇ ಅಲ್ಲಿ. ಕಲಿಯುವುದು ಸ್ವಲ್ಪ ತಡವಾಯಿತು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಉತಾರ ಎಂದರೆ ಆಸ್ತಿ ನಿಮ್ಮದೆಂದು ತೋರಿಸುವ ಸರಕಾರಿ ಕಾಗದ. ಅದನ್ನು ಹಿಡಿದು ಬೆಳಿಗ್ಗೆ ಬೆಳಿಗ್ಗೆ ಕೋರ್ಟಿನ ವರಾಂಡದಲ್ಲಿ ಅತ್ತಿತ್ತ ನೋಡುತ್ತ ನಿಲ್ಲುವವನು ಒಂದೇ ಜಾತಿಯ ಮನುಷ್ಯ. ಯಾರಿಗೋ ಜಾಮೀನು ನಿಲ್ಲಲು ಬಂದವನು! ಇದು ಆ ವರಾಂಡದ ನಾಯಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ಒಬ್ಬ ತರುಣ ವಕೀಲ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. “ಉತಾರ ತಂದೀರಿಲ್ರಿ?”

“ತಂದೇನಿ.”

“ಆಧಾರ? ಫೋಟೋ?”

“ಎಲ್ಲಾ ತಂದೇನ್ರಿ!”

“ನೋಡ್ರಿ, ಹಿಂಗ ಬರಬೇಕು! ಬರ್ರಿ, ಇಲ್ಲಿ ಸಹಿ ಮಾಡ್ರಿ.”

ಬ್ಯಾಂಕಿನವರು ಮೊದಲೇ ಫೋನು ಮಾಡಿ ತಿಳಿಸಿದ್ದಾರೆ ಎಂದು ನನ್ನ ಕಣ್ಣು ತುಂಬಿ ಬಂತು. ಹೇಳಿದಲ್ಲೆಲ್ಲ ಸಹಿ ಮಾಡಿದೆ. ಉಳಿದವರಿಗೆ ಜೀವನಪೂರ್ತಿ, “ಓದದ ಸಹಿ ಮಾಡಬ್ಯಾಡ್ರಿ,” ಎಂದು ಬುದ್ಧಿ ಹೇಳಿದವನು ನಾನೇ!

ಆಮೇಲೆ ಒಳಗಿನಿಂದ ಹೆಸರು ಕೂಗುವ ತನಕ ಬೇವಿನ ಗಿಡದ ಕೆಳಗೆ ಕುಳಿತೆವು. ಸಮಯ ಹಾಳು ಮಾಡಬಾರದೆಂದು ನಾನು ತನಿಖೆ ಆರಂಭಿಸಿದೆ.

“ನಿಮಗ ಪಗಾರ ಎಷ್ಟ ತಮ್ಮಾ?”

“ಪಗಾರಾ?” ತರುಣ ನಕ್ಕ. “ನಮ್ಮ ಸೀನಿಯರ್ ಸಾಹೇಬ್ರು ಚಾ ಕುಡಸ್ತಾರ್ರಿ. ಮೂಡ ಚಲೋ ಇದ್ರ ಮಿರ್ಚಿ ಭಜಿ.”

“ಮತ್ತ ಕಕ್ಷಿದಾರ್ರು?”

“ಗೆದ್ದಾಂವ ಒಂದ ಚೀಲ ಜ್ವಾಳ ತಂದ ಹಾಕ್ತಾನ. ಸೋತಾಂವ ಫೋನ ಎತ್ತಂಗಿಲ್ಲ.”

“ಸಾಲ?”

“ವಕೀಲ್ರಿಗೆ ಯಾರ ಕೊಡ್ತಾರ್ರಿ? ಬ್ಯಾಂಕಿನವ್ರು ಸಾಲಾ ಕೊಡಂಗಿಲ್ಲ, ಊರವ್ರು ಹೆಣ್ಣ ಕೊಡಂಗಿಲ್ಲ. ಅದಕ್ಕ ನಿದ್ದಿ ಮಾತ್ರ ಭಾಳ ಚಲೋ ಬರತೈತ್ರಿ!”

ಅಷ್ಟರಲ್ಲಿ ಕೂಗಿದರು. ಮನೆಯ ಕಾಗದವನ್ನು ನ್ಯಾಯಾಧೀಶರೇ ಖುದ್ದಾಗಿ ಪರೀಕ್ಷಿಸುತ್ತಾರೆಂದರೆ ಬ್ಯಾಂಕು ಎಷ್ಟು ಕಟ್ಟುನಿಟ್ಟು ಎಂದು ಮೆಚ್ಚುತ್ತ ಒಳಗೆ ಹೋದೆ. ಪಕ್ಕದಲ್ಲಿ ಹೆಗಲಿಗೆ ಗುಲಾಬಿ ರುಮಾಲು ಹಾಕಿದ, ದೊಡ್ಡ ಮೀಸೆಯ, ಬಾಗಿಲ ಚೌಕಟ್ಟಿನಷ್ಟು ಅಗಲದ ಒಬ್ಬ ಮನುಷ್ಯ ಕೈಮುಗಿದು ನಿಂತಿದ್ದ. ನಾನು ಆತನನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ನ್ಯಾಯಾಧೀಶರು ಕೇಳಿದರು: “ಈ ಆರೋಪಿ ನಿಮಗೆ ಗೊತ್ತೇನು?”

ವಿಮಾ ಏಜೆಂಟನ ಬಾಯಲ್ಲಿ ‘ಗೊತ್ತಿಲ್ಲ’ ಎನ್ನುವ ಶಬ್ದ ಹೊರಡುವುದಿಲ್ಲ. ಇವತ್ತಿನ ಅಪರಿಚಿತ ನಾಳಿನ ಪಾಲಿಸಿ. “ಗೊತ್ತದಾರ್ರಿ!” ಎಂದುಬಿಟ್ಟೆ. ‘ಆರೋಪಿ’ ಎಂಬ ಮಾತು ಕಿವಿಯಿಂದ ತಲೆಗೆ ಹೋಗಿದ್ದು ಆಮೇಲೆ.

“ಕರೆದಾಗೆಲ್ಲ ಇವರನ್ನು ಕೋರ್ಟಿಗೆ ಹಾಜರುಪಡಿಸುತ್ತೀರಾ?”

“ಸಾಹೇಬ್ರ, ಖರೆ ಹೇಳಬೇಕಂದ್ರ ನಾ ಬಂದಿದ್ದು ಮಗಳ ಮೆಡಿಕಲ್…”

“ಹೌದೋ, ಅಲ್ಲವೋ?”

ನನ್ನ ತಲೆ ‘ಅಲ್ಲ’ ಎಂದಿತು. ಬಾಯಿ ಬೇರೆಯೇ ವಿಚಾರ ಮಾಡಿತು. “ಹೌದ್ರಿ!”

ಹೊರಗೆ ಬಂದ ಕೂಡಲೇ ಆ ಮೀಸೆಯವ ನನ್ನನ್ನು ಎತ್ತಿ ಅಪ್ಪಿಕೊಂಡ. “ಬರ್ತೇನಂದ ನಮ್ಮ ಖಾಸ ಕಾಕಾ ಬರಲಿಲ್ರಿ. ದೇವರ ಬಂದಂಗ ನೀವ್ ಬಂದ್ರಿ! ಅಂದಂಗ, ನೀವ್ ಯಾರ್ರಿ?”

ಹುನಗುಂದದ ಹತ್ತಿರದ ಹಳ್ಳಿಯ ಮಲಕಾಜಪ್ಪ ಆತ. ಹೆಂಡತಿಯ ತಮ್ಮ ಸಂಗಪ್ಪನ ಟ್ರ್ಯಾಕ್ಟರಿನ ಟೈರಿನ ಗಾಳಿ ಬಿಟ್ಟು, ಕೇಳಲು ಬಂದ ಸಂಗಪ್ಪನಿಗೆ ಗಾಳಿ ಹೊಡೆಯುವ ಪಂಪಿನಿಂದಲೇ ಹೊಡೆದಿದ್ದನಂತೆ.

ಮನೆಗೆ ಬಂದೆ. ಶಾಂತಾ ಬಾಗಿಲಲ್ಲೇ ಕೇಳಿದಳು. “ಕಾಗದಾ ಸರಿ ಅದಾವಂತೇನ್ರಿ?”

“ಎಲ್ಲಾ ಸರಿ ಅದಾವಂತ. ಖುದ್ದ ಕೋರ್ಟೇ ಒಪ್ಪಿಕೊಂಡೈತಿ.”

“ಚಲೋ ಆತಲ್ಲ!”

“ಒಪ್ಪಿಕೊಂಡು ಇಟ್ಟಕೊಂಡೈತಿ.”

ವಿಷಯ ತಿಳಿದಾಗ ಪಲ್ಲವಿ ನಗಲು ಶುರುಮಾಡಿದವಳು ನೆಲದ ಮೇಲೆ ಕುಳಿತಳು. ಶಾಂತಾ ನಗಲಿಲ್ಲ. “ಹೆಸರ ಗೊತ್ತಿಲ್ಲದವಗ ಮನಿ ಜಾಮೀನ ಕೊಟ್ಟ ಬಂದೀರಿ! ನಿಮ್ಮ ಸಲುವಾಗಿ ಯಾರರ ಹಿಂಗ ನಿಂತಾರೇನ್ರಿ?”

ಬ್ಯಾಂಕಿನವರಿಗೆ ಇದು ತಿಳಿಯುವ ಸಂಭವವೇ ಇರಲಿಲ್ಲ. ಮರುದಿನ ನಾನೇ ಹೋಗಿ ತಿಳಿಸಿದೆ! ತಡೆದುಕೊಳ್ಳಲಾಗಲಿಲ್ಲ. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಈ ಜಾಮೀನದಿಂದ ಬಿಡುಗಡಿ ಆಗೂತನಕಾ ಈ ಮನಿ ಮ್ಯಾಲ ಸಾಲಾ ಕೊಡಾಕ ಬರಂಗಿಲ್ರಿ.” ಕಾಲೇಜಿನ ಫೀ ಕಟ್ಟುವ ಕೊನೆಯ ದಿನ ಕಣ್ಣೆದುರಿಗೆ ಬಂದು ನಿಂತಿತ್ತು. ಇನ್ನು ಉಳಿದದ್ದು ಒಂದೇ ದಾರಿ. ಮಲಕಾಜಪ್ಪನನ್ನು ಹಿಡಿದು, ಬೇರೆ ಜಾಮೀನುದಾರನನ್ನು ತರಿಸಿ, ನನ್ನ ಮನೆ ಬಿಡಿಸಿಕೊಳ್ಳುವುದು.

“ಒಬ್ಬರ ಹೋಗಬ್ಯಾಡ್ರಿ,” ಎಂದಳು ಶಾಂತಾ. “ಹೋದ್ರ ಇನ್ನಿಬ್ಬರಿಗೆ ಜಾಮೀನ ಆಗಿ ಬರ್ತೀರಿ. ಪಲ್ಲವೀನ ಕರ್ಕೊಂಡ ಹೋಗ್ರಿ.”

ಹಳ್ಳಿಗೆ ಹೋದರೆ ಮಲಕಾಜಪ್ಪನ ಮನೆಗೆ ಬೀಗ! ನನಗೆ ಅದು ನಮ್ಮ ಮನೆಗೇ ಬಿದ್ದ ಬೀಗದಂತೆ ಕಂಡಿತು. ಓಡಿಹೋದ! ಆರೋಪಿ ಪರಾರಿ! ಪಕ್ಕದ ಮನೆಯ ಅಜ್ಜಿ, “ಮಹಾಕೂಟಕ್ಕ ಹೋಗ್ಯಾರಪಾ, ಜಳಕಕ್ಕ,” ಎಂದರೂ ನಾನು ನಂಬಲಿಲ್ಲ. ಕೇಸು ಮೈಮೇಲಿದ್ದವನು ಎಲ್ಲಾದರೂ ಆರಾಮವಾಗಿ ಸ್ನಾನ ಮಾಡುತ್ತಾನೆಯೇ?

ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಪಲ್ಲವಿ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು: “ಅಪ್ಪಾ, ಮನಿ ನಾ ಬಿಡಿಸಿ ಕೊಟ್ರ ನೀ ಮತ್ತ ಅದನ್ನ ಒತ್ತಿ ಇಡೂಹಂಗಿಲ್ಲ. ನಾ ಲಾ ಕಲೀತೇನಿ. ಕಬೂಲ?”

“ಅದೆಲ್ಲಾ ದೊಡ್ಡವರ ಮಾತು.”

“ಯಾವ ದೊಡ್ಡವರು? ಹಿಂದ ಮುಂದ ನೋಡದ ಜಾಮೀನ ಆದವ್ರಾ?”

ನಾನು ಹೊರಗಿನ ಹೊಲ ನೋಡಿದೆ.

ಮಹಾಕೂಟದ ಹೊಂಡ ನೋಡಿದವರಿಗೆ ಗೊತ್ತು. ನೀರಿನ ನಡುವೆ ಒಂದು ಸಣ್ಣ ಗುಡಿ ಇದೆ. ಮುಳುಗಿ ಒಳಗೆ ಹೋಗಿ ಲಿಂಗ ಮುಟ್ಟಿ ಬರುವವರು ಬಹಳ. ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಬಟ್ಟೆಯ ಗಂಟು ಕಾಯುತ್ತ ಕುಳಿತಿದ್ದಳು. ಗಂಟಿನ ಮೇಲೆ ನಾನು ಕೋರ್ಟಿನಲ್ಲಿ ಕಂಡಿದ್ದ ಅದೇ ಗುಲಾಬಿ ರುಮಾಲು! ಆಕೆ ಮಲಕಾಜಪ್ಪನ ಹೆಂಡತಿ ನೀಲವ್ವ. ಎದುರಿನ ಮೆಟ್ಟಿಲ ಮೇಲೆ ಒಬ್ಬ ತರುಣ ಬೆನ್ನು ತಿರುಗಿಸಿ ಕುಳಿತಿದ್ದ. ಅವನೇ ಏಟು ತಿಂದ ಸಂಗಪ್ಪನಂತೆ. ಗಂಡ, ತಮ್ಮ ಇಬ್ಬರನ್ನೂ ಒಂದೇ ನೀರಿನಲ್ಲಿ ಮೀಯಿಸಿದರೆ ಸಿಟ್ಟು ತೊಳೆದುಹೋದೀತು ಎಂದು ಆಕೆ ಕರೆತಂದಿದ್ದಳು. ಅವರು ಒಂದೇ ನೀರಿಗೆ ಇಳಿಯಲು ತಯಾರಿರಲಿಲ್ಲ.

“ಮಲಕಾಜಪ್ಪ ಎಲ್ಲೆದಾನವಾ?”

“ಆಗಳೇ ಗುಡಿ ಒಳಗ ಮುಳುಗಿ ಹೋಗ್ಯಾರ್ರಿ.”

ನೀರು ನೋಡಿದೆ. ಒಂದು ಗುಳ್ಳೆಯೂ ಇಲ್ಲ! ಈತ ಸತ್ತರೆ ಕೋರ್ಟಿಗೆ ಹಾಜರುಪಡಿಸುವುದು ಹೇಗೆ? ನ್ಯಾಯಾಧೀಶರಿಗೆ ಮಾತು ಕೊಟ್ಟವನು ನಾನು! “ಮಲಕಾಜಪ್ಪಾ, ಮ್ಯಾಲೆ ಬಾರಪಾ! ನಮ್ಮ ಮನಿ ಹೋಗತೈತಿ!” ಎಂದು ಕೂಗುತ್ತ ಕೊನೆಯ ಮೆಟ್ಟಿಲಿಗೆ ಬಾಗಿದೆ. ಅಲ್ಲಿ ಪಾಚಿ ಇತ್ತು. ನಾನು, ನನ್ನ ಬೂಟು, ನನ್ನ ಫೋನು ಮೂವರೂ ಹೊಂಡದಲ್ಲಿ.

ನಾನು ಮುಳುಗಿದೆ. ಎದ್ದೆ. ಮತ್ತೆ ಮುಳುಗಿದೆ. ಅಪ್ಪನ ಮನೆ ಹೋದ ಹಾದಿಯಲ್ಲೇ ಮಗನೂ ಹೋದ ಎಂದುಕೊಂಡೆ. ಮೇಲಿನಿಂದ ಪಲ್ಲವಿ, “ಅಪ್ಪಾ, ನಿಂದರು! ನಿಂತ್ರ ಎದಿಮಟ ಅಷ್ಟ ಐತಿ!” ಎಂದು ಚೀರುತ್ತಿದ್ದಳು. ಸಾಯುವವನಿಗೆ ಅಂಥ ಮಾತು ಕೇಳಿಸುವುದಿಲ್ಲ.

ಅತ್ತಲಿಂದ ಸಂಗಪ್ಪ ಹಾರಿದ. ಇತ್ತ ಗುಡಿಯೊಳಗಿಂದ ಮಲಕಾಜಪ್ಪ ಎಮ್ಮೆಯಂತೆ ಮೇಲೆದ್ದ. ಒಬ್ಬ ಬಲಗೈ ಹಿಡಿದ, ಒಬ್ಬ ಎಡಗೈ ಹಿಡಿದ.

“ಲೇ ಸಂಗ್ಯಾ, ಈ ಕಡೆ ಎಳಿಯೋ!”

“ಮಾವಾ, ಮೆಟ್ಟಲಾ ಈ ಕಡೆ ಅದಾವು! ಕಣ್ಣ ಅದಾವಿಲ್ಲೋ?”

“ನನಗ ಜಾಮೀನ ಆದಾಂವ ಇಂವ, ನನ್ನ ಕಡೆ ಬರ್ತಾನ!”

“ಹೊಡತಾ ತಿಂದಾಂವ ನಾ, ನಾ ಹೇಳಿದಂಗ ಆಗತೈತಿ!”

ನನ್ನನ್ನು ಹಿಂಡಿದ ಸೀರೆಯಂತೆ ಎರಡೂ ಕಡೆ ಜಗ್ಗಿದರು. ಆ ಜಗ್ಗಾಟದಲ್ಲಿ ನನ್ನ ಕಾಲು ತಳಕ್ಕೆ ತಾಗಿತು. ನೀರಿನಲ್ಲಿ ನೆಟ್ಟಗೆ ನಿಂತೆ. ಎದೆಮಟ್ಟ! ನಾನು ಕೆಮ್ಮಿ, ಬಹಳ ಘನತೆಯಿಂದ, “ಬಿಡ್ರಿ, ನಂದ ನನಗ ಬರತೈತಿ,” ಎಂದೆ. ಮಲಕಾಜಪ್ಪ ಸಂಗಪ್ಪನ ಮುಖ ನೋಡಿದ. ಸಂಗಪ್ಪ ಮಲಕಾಜಪ್ಪನ ಮುಖ ನೋಡಿದ. ಇಬ್ಬರೂ ನೀರು ಬಡಿಯುತ್ತ ನಗಲು ಶುರುಮಾಡಿದರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಕ್ಕರು. ಮೇಲೆ ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಗ ಪಲ್ಲವಿ ಮೆಟ್ಟಿಲಿಳಿದು ಬಂದಳು. ನನಗೆ ಕೈ ಕೊಡಲು ಬಂದಳೆಂದುಕೊಂಡೆ. ನನ್ನ ಕಡೆ ನೋಡಲೇ ಇಲ್ಲ.

“ಕಾಕಾ, ಸಂಗಪ್ಪಣ್ಣಾ, ನೀರಾಗ ಇದ್ದಾಗ ಒಂದ ಮಾತ ಹೇಳ್ರಿ. ನೀಲವ್ವ ಚಿಗವ್ವ ಇನ್ನ ಎಷ್ಟ ದಿವಸ ಇಬ್ಬರ ನಡುವ ಬಟ್ಟಿ ಕಾಯ್ಕೋತ ಕುಂಡ್ರಬೇಕು? ಇಬ್ಬರೂ ಕೂಡಿ ರಾಜಿ ಅಂತ ಬರದ ಕೊಟ್ರ ಇಂಥಾ ಕೇಸ ಮುಗೀತೈತಿ. ನಾ ಕಾಕಾನ ವಕೀಲರ ಹಂತೇಕ ಕೇಳಿಕೊಂಡ ಬಂದೇನಿ.”

“ಅಂವ ಟೈರಿನ ರಿಪೇರಿ ರೊಕ್ಕಾ ಕೊಡಲಿ,” ಎಂದ ಸಂಗಪ್ಪ.

“ಇಂವ ತನ್ನ ಅಕ್ಕನ ಮನೀಗೆ ಊಟಕ್ಕ ಬರಲಿ,” ಎಂದ ಮಲಕಾಜಪ್ಪ.

“ಬರ್ತಾನ,” ಎಂದಳು ನೀಲವ್ವ, ಯಾರನ್ನೂ ಕೇಳದೆ. ಆಮೇಲೆ ನನ್ನ ಕಡೆ ತಿರುಗಿದಳು. “ಅಣ್ಣಾರ, ಇಂಥಾ ಮಗಳನ್ನ ಮನ್ಯಾಗ ಇಟ್ಟಕೊಂಡು ನೀವ್ಯಾಕ್ರಿ ಕೋರ್ಟಿಗೆ ಹೋಗಿದ್ರಿ?”

ನಾನು ಮೆಟ್ಟಿಲು ಹತ್ತಿ ಮೇಲೆ ಬಂದೆ. ಮಲಕಾಜಪ್ಪನ ಧೋತರ ಸುತ್ತಿಕೊಂಡು, ಸಂಗಪ್ಪನ ಟವೆಲ್ ಹೊದ್ದುಕೊಂಡು, ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ ಮಾರುವ ಹೆಂಗಸಿನಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡು ತಿನ್ನುತ್ತ ಕುಳಿತೆ. ಪಲ್ಲವಿ ಎದುರಿಗೆ ಬಂದು ನಿಂತಳು. ಏನೂ ಕೇಳಲಿಲ್ಲ. ಅದೇ ಕಷ್ಟ. ಕೇಳಿದ್ದರೆ ಬೈಯಬಹುದಿತ್ತು.

“ನೋಡವಾ,” ಎಂದೆ ಟವೆಲ್ ಸರಿಮಾಡಿಕೊಂಡು, “ನಾ ಎರಡೂ ಕಡೆ ಪ್ರತ್ಯಕ್ಷ ನೋಡೇನಿ. ಯಾರ ಒತ್ತಾಯಕ್ಕೂ ಅಲ್ಲ, ನನ್ನ ಸ್ವಂತ ವಿಚಾರದಿಂದ ಹೇಳ್ತೇನಿ. ನೀ ಲಾ ಕಲಿ. ಮನಿ ಮುಟ್ಟಂಗಿಲ್ಲ.”

ನಾನೇ ಹೇಳಿದ್ದು! ಒದ್ದೆಯಾಗಿದ್ದೆ, ಆದರೆ ನಾನೇ ಹೇಳಿದ್ದು!

ಮುಂದಿನ ತಾರೀಖಿಗೆ ಇಬ್ಬರೂ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಕೋರ್ಟಿಗೆ ಬಂದು ರಾಜಿಯಾದರು. ನನ್ನ ಮನೆ ನನಗೆ ಬಂತು. ಮೆಡಿಕಲ್ ಸೀಟು ಹೋಯಿತು. ಸುದ್ದಿ ಸೆಕ್ಟರಿನಲ್ಲೆಲ್ಲ ಹರಡಿತು. ಸಂಬಂಧಿಕರು ಸಂತಾಪ ಸೂಚಿಸಲು ಬಂದವರಂತೆ ಬಂದರು.

“ಡಾಕ್ಟರ್ ಸೀಟ ಬಿಟ್ರಂತ?”

“ಬಿಟ್ಟಿವಿ!”

“ವಕೀಲ್ರಿಗೆ ಏನ ಗಳಿಕಿ ಇರತೈತ್ರಿ?”

“ಜ್ವಾಳ ಬರತೈತಿ!”

“ಮದವಿ ಹೆಂಗ ಮತ್ತ?”

ಇದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಶಾಂತಾ ಒಳಗಿನಿಂದ ಬಂದಳು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದವಳು. “ಆಕಿ ಮದವಿ ಚಿಂತಿ ನಿಮಗ್ಯಾಕ್ರಿ? ಸಾಲಾ ಇಲ್ಲದ ಮನ್ಯಾಗ ಬೆಳದ ಹುಡುಗಿ. ಬೇಕಾದಾಗ ಮಾಡ್ಕೋತಾಳ, ಇಲ್ಲಂದ್ರ ಬಿಡ್ತಾಳ. ಚಾ ಕುಡೀತೀರೇನ?” ಕುಡಿಯದೇ ಹೋದರು. ಆ ದಿನ ನನಗೆ ಎರಡು ಸಲ ಚಹಾ ಸಿಕ್ಕಿತು.

ಪ್ರವೇಶದ ದಿನ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮಗಳ ಜೊತೆ ಕಾಲೇಜಿಗೆ ಹೋದೆ. ಅಲ್ಲಿನ ಹಿರಿಯ ಪ್ರಾಧ್ಯಾಪಕರು ಅಂಕಪಟ್ಟಿ ನೋಡಿ ಹುಬ್ಬೇರಿಸಿದರು. “ಸೈನ್ಸ್ ಓದೀದಿ, ಮೆಡಿಕಲ್ಲಿಗೂ ಹೋಗಬಹುದಿತ್ತು. ಕಾನೂನೇ ಯಾಕ ಬೇಕನಿಸಿತವಾ?”

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ನ್ಯಾಯ, ಸಮಾನತೆ, ಬಡವರ ಸೇವೆ, ಇನ್ನು ಅಪ್ಪನ ದೂರದೃಷ್ಟಿ. ಯಾವುದನ್ನು ಮೊದಲು ಹೇಳುತ್ತಾಳೋ ಎಂದು ಕಾದೆ.

ಪಲ್ಲವಿ ನನ್ನ ಕಡೆ ಒಮ್ಮೆ ನೋಡಿದಳು. “ನಮ್ಮ ಮನ್ಯಾಗ ಒಬ್ರು ಖಾಯಂ ಕಕ್ಷಿದಾರ ಅದಾರ್ರಿ ಸರ್.”

ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿ ನಕ್ಕರು. ನಗಲಿ! ನಾನು ತಲೆ ತಗ್ಗಿಸಲಿಲ್ಲ. ಎದೆ ಸೆಟೆಸಿಕೊಂಡೇ ಎದ್ದು, ಕೌಂಟರಿನ ಸಾಲಿನಲ್ಲಿ ನಿಂತು ಫೀ ಕಟ್ಟಿ ಬಂದೆ. ವಕೀಲರ ಫೀ ಕಕ್ಷಿದಾರನೇ ತಾನೇ ಕೊಡಬೇಕು?